ಹರಿಗೋಲಿನ ಹುಟ್ಟು ಯಾವ ವರ್ಗದ ಸನ್ನೆ?

ಸನ್ನೆಗಳ ಪಾಠ ಬಂದಾಗ ದೋಣಿಯ ಹುಟ್ಟನ್ನು ಎರಡನೆಯ ವರ್ಗಕ್ಕೆ ಸೇರಿಸಿ ಮುಂದೆ ಸಾಗುವುದು ಪಠ್ಯಪುಸ್ತಕಗಳ ವಾಡಿಕೆ. ನೀರು ಆಧಾರ, ದೋಣಿಯ ಅಂಚಿನಲ್ಲಿ ಭಾರ, ಹಿಡಿಯಲ್ಲಿ ಪ್ರಯತ್ನ. ಇಷ್ಟನ್ನು ಬಾಯಿಪಾಠ ಮಾಡಿದವನಿಗೆ ಅಂಕ ದೊರೆಯುತ್ತದೆ. ಹುಟ್ಟನ್ನು ಅಂಚಿಗೆ ಸಿಕ್ಕಿಸಿದ ರಂಗನತಿಟ್ಟಿನ ದೋಣಿಗಳಿಗೆ ಈ ವಿವರಣೆ ಸಲ್ಲುವುದು ನಿಜ. ಆದರೆ ಅದೇ ಕಾವೇರಿಯ ಮೇಲೆ ಶ್ರೀರಂಗಪಟ್ಟಣದ ಅಂಬಿಗನು ನಡೆಸುವ ಹರಿಗೋಲಿಗೆ ಅದು ಸಲ್ಲದು. ಅಲ್ಲಿ ಹುಟ್ಟು ಯಾವುದಕ್ಕೂ ಕಟ್ಟಿಲ್ಲ. ಮೇಲಿನ ಕೈ ಆಧಾರವಾಗುತ್ತದೆ, ಕೆಳಗಿನ ಕೈ ಎಳೆಯುತ್ತದೆ, ಅಲಗಿನ ತುದಿಯಲ್ಲಿ ನೀರು ತಡೆಯುತ್ತದೆ. ಇದು ಮೂರನೆಯ ವರ್ಗದ ಸನ್ನೆ. ಉತ್ತರ ಧ್ರುವಪ್ರದೇಶದ ಇನ್ಯುಯಿಟ್ ಜನರ ಕಯಾಕ್ ದೋಣಿಯ ಎರಡಲಗಿನ ಹುಟ್ಟೂ ಕೈಯಲ್ಲೇ ಆಡತಕ್ಕದ್ದು. ಆದರೆ ನೆಟ್ಟಗೆ ಸಾಗಲು ಅದಕ್ಕೆ ನೀಳವಾದ ಒಡಲಿನ ನೆರವುಂಟು. ದುಂಡಗಿನ ಹರಿಗೋಲಿಗೆ ಆ ಭಾಗ್ಯವಿಲ್ಲ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂಥ ಈ ದೋಣಿಗಳು ಸದಾ ಸುತ್ತುತ್ತವೆ, ನೇರವಾಗಿ ಹೋಗಲಾರವು ಎಂದು ಬರೆದನು. ಪಕ್ಕದಲ್ಲಿ ಹುಟ್ಟು ಹಾಕಿದರೆ ಸುತ್ತುವುದು ಸಹಜವೇ. ಅನುಭವಿಯಾದ ಅಂಬಿಗನಾದರೋ ಮುಂಭಾಗದಲ್ಲಿ ಕುಳಿತು, ಎದುರಿನ ನೀರನ್ನು ತನ್ನತ್ತ ಸೆಳೆಯುತ್ತಾನೆ. ಆಗ ಬಲದ ರೇಖೆ ದೋಣಿಯ ನಡುವಿನ ಮೂಲಕ ಹಾಯುವುದರಿಂದ ತಿರುಗಿಸುವ ಪರಿಣಾಮ ಉಳಿಯುವುದಿಲ್ಲ. ಎತ್ತಿನ ಹಿಂದೆ ಗಾಡಿ ಬರುವಂತೆ ಹರಿಗೋಲು ಅವನ ಹಿಂದೆ ಬರುತ್ತದೆ. ಪಾಯೆಸನ ಮಾತನ್ನು ನಾವು ಪೂರ್ತಿ ಒಪ್ಪದಿರುವುದು ಇದರಿಂದಲೇ.

ಅಲಗು ಅಗಲವಾಗಿರುವುದರಲ್ಲಿಯೂ ಲೆಕ್ಕವಿದೆ. 10 ಕಿಲೋಗ್ರಾಂ ನೀರನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳಿದರೂ, 20 ಕಿಲೋಗ್ರಾಂ ನೀರನ್ನು 1 ಮೀಟರ್ ವೇಗದಲ್ಲಿ ತಳ್ಳಿದರೂ ದೋಣಿಗೆ ದೊರೆಯುವ ಸಂವೇಗ ಒಂದೇ. ನೀರಿಗೆ ಸೇರಿ ಹೋಗುವ ಶಕ್ತಿ ಮಾತ್ರ ಮೊದಲನೆಯದರಲ್ಲಿ 20 ಜೂಲ್, ಎರಡನೆಯದರಲ್ಲಿ 10 ಜೂಲ್. ಹಾಗೆಂದು ಅಲಗನ್ನು ಮೊರದಷ್ಟು ಮಾಡಿದರೆ ತೋಳು ಸೋಲುತ್ತದೆ.

ಯಂತ್ರದೋಣಿಯ ಕಾಲದಲ್ಲಿ ಹರಿಗೋಲಿನ ಪಾಠವೇಕೆಂದು ಕೇಳುವವರುಂಟು. ಯಂತ್ರದ ತಿರುಗುರೆಕ್ಕೆಯೂ ಇದೇ ಲೆಕ್ಕಕ್ಕೆ ಒಳಪಟ್ಟಿದೆ. ಆದರೆ ಅದು ನೀರಿನಡಿಯಲ್ಲಿ ಅಡಗಿದೆ, ಹುಟ್ಟು ಕಣ್ಣೆದುರಿಗಿದೆ. ಹೇಮಾವತಿ ಹರಿಯುವ ಕೃಷ್ಣರಾಜಪೇಟೆ ತಾಲ್ಲೂಕಿನ ಹುಡುಗನೂ, ತೊಣ್ಣೂರು ಕೆರೆಯನ್ನು ಬಲ್ಲ ಪಾಂಡವಪುರದ ಹುಡುಗಿಯೂ, ಕಾಣದ ದೋಣಿಯ ಚಿತ್ರ ಬರೆದು ತೇರ್ಗಡೆಯಾಗುವುದು ನಮಗೆ ಸರಿತೋರದು. ಸನ್ನೆಯ ಪಾಠದ ಒಂದು ಅವಧಿ ನದಿಯ ಬಳಿ ನಡೆಯಲಿ. ಮಳೆಗಾಲ ಬೇಡ, ಅಣೆಕಟ್ಟೆಯಿಂದ ನೀರು ಬಿಟ್ಟ ದಿನವಂತೂ ಬೇಡವೇ ಬೇಡ. ವಿದ್ಯಾರ್ಥಿಗಳು ದಡದಲ್ಲಿಯೇ ನಿಂತು, ಅಂಬಿಗನ ಎರಡು ಕೈಗಳ ನಡುವಣ ದೂರವನ್ನೂ ಕೆಳಗಿನ ಕೈಯಿಂದ ಅಲಗಿನವರೆಗಿನ ದೂರವನ್ನೂ ಅಳೆದುಕೊಳ್ಳಲಿ. ಅಂಬಿಗನಿಗೆ ಅವನ ಅರ್ಧ ದಿನದ ಸಂಪಾದನೆಯನ್ನು ಕಾಲೇಜು ಕೊಡಲಿ.