ಸ್ಪ್ರಿಂಗಿನ ಬ್ರಿಜ್ಜಿಗೆ ಪಿಯೆಜೊ: ಆಕ್ಷೇಪಿಸಿದವರಿಗೆ

ಎಲೆಕ್ಟ್ರಿಕ್ ಗಿಟಾರಿನ ಅಲ್ಲಾಡುವ ಟ್ರೆಮೊಲೊ ಬ್ರಿಜ್ಜಿಗೆ, ಅಕೌಸ್ಟಿಕ್ ದನಿಗಾಗಿ ಪಿಯೆಜೊ ಪಿಕಪ್ ಹಾಕಿ, ಹೆಗ್ಗರಣೆ, ಸಿದ್ದಾಪುರ, ಶಿರಸಿ ಕಡೆಯ ಭಾವಗೀತೆ ಕಾರ್ಯಕ್ರಮಗಳಲ್ಲಿ ಅದನ್ನೇ ನುಡಿಸತೊಡಗಿದ ಮೇಲೆ ಆಕ್ಷೇಪಗಳಿಗೆ ಬರವಿಲ್ಲ. ಕೆಲವು ವಾದ್ಯ ಬಲ್ಲವರವು, ಕೆಲವು ಕಿವಿಯುಳ್ಳವರವು, ಕೆಲವಕ್ಕೆ ಬಾಯಿ ಮಾತ್ರ ಇದೆ. ಕೊನೆಯವನ್ನು ಬಿಟ್ಟು ಉಳಿದವಕ್ಕೆ ಉತ್ತರ ಕೊಡುತ್ತೇನೆ.

ಎಲ್ಲರಿಗಿಂತ ಮೊದಲು ಹಿರಿಯರು ಕೇಳಿದ್ದು: “ಅಕೌಸ್ಟಿಕ್ ದನಿಯೇ ಬೇಕಾಗಿದ್ದರೆ ಅಕೌಸ್ಟಿಕ್ ಗಿಟಾರನ್ನೇ ತರಬಹುದಿತ್ತಲ್ಲ ತಮಾ?” ಜಗಲಿಯಲ್ಲಿ ಕೂತು ನುಡಿಸುವುದಾದರೆ ಅದನ್ನೇ ತರುತ್ತೇನೆ. ವೇದಿಕೆಯ ಸ್ಥಿತಿ ಬೇರೆ. ಗಾಯಕರ ಕಾಲಬುಡದಲ್ಲಿ ಮಾನಿಟರ್, ಮಗ್ಗುಲಲ್ಲಿ ತಬಲಾ ಮತ್ತು ರಿದಂ ಪ್ಯಾಡ್, ಬೆನ್ನಿಗೆ ಇನ್ನೊಂದು ಸ್ಪೀಕರ್. ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆ ಎರಡೂವರೆ, ಮೂರು ಮಿಲಿಮೀಟರ್ ದಪ್ಪದ್ದು. ತಂತಿಗೆ ಮಿಡಿಯುವ ಹಾಗೆಯೇ ಅದು ಸ್ಪೀಕರಿನ ದನಿಗೂ ಮಿಡಿಯುತ್ತದೆ. ಮೈಕಿನವರು ಒಂದಿಷ್ಟು ಏರಿಸಿದರೋ ಕೂಯ್ ಎಂದು ಕೂಗು ಶುರು. ನನ್ನ ಗಿಟಾರಿನ ಮೈ 45 ಮಿಲಿಮೀಟರ್ ಗಟ್ಟಿ ಮರ. ಅದು ಅಷ್ಟು ಸುಲಭಕ್ಕೆ ಕೂಗುವುದಿಲ್ಲ. ಮಳೆಗಾಲದ ಮಾತೂ ಇದೆ. ಉಂಚಳ್ಳಿ ಜಲಪಾತ ತುಂಬಿ ಭೋರ್ಗರೆಯುವ ದಿನಗಳಲ್ಲಿ ನಮ್ಮೂರಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ತೆಳು ಹಲಗೆ ತೇವ ಕುಡಿದು ಉಬ್ಬಿ ತಂತಿಗಳು ಮೇಲೆದ್ದರೆ ಬೆರಳಿಗೇ ಶಿಕ್ಷೆ. ಇಷ್ಟರ ಮೇಲೆ, ಪಲ್ಲವಿಗೆ ಬಿಡಿಬಿಡಿಯಾಗಿ ಕಾರ್ಡು ಮೀಟುವವನೂ ಚರಣದ ಮುಂಚೆ ಲೀಡ್ ಎಳೆಯುವವನೂ ನಾನೊಬ್ಬನೇ. ಮಧ್ಯದಲ್ಲಿ ಗಿಟಾರು ಬದಲಿಸಲು ಗಾಯಕರು ಕಾಯುತ್ತಾರೆಯೇ?

ಎರಡನೆಯ ಆಕ್ಷೇಪ ಗಂಭೀರವಾದದ್ದು: ಪಿಯೆಜೊ ದನಿ ಕರ್ಕಶ, ಮೀಟಿದ ಕಡೆ ಟಕ್ಕೆನ್ನುತ್ತದೆ, ತಳವೇ ಇಲ್ಲ. ಹೀಗೆ ಹೇಳುವವರು ಕೇಳಿದ್ದು ನಿಜ. ಆದರೆ ಅವರು ಕೇಳಿದ್ದು ತಪ್ಪಾಗಿ ಜೋಡಿಸಿದ ಪಿಯೆಜೊವನ್ನು. ಮಾಮೂಲಿ ಪಿಕಪ್ಪಿನಲ್ಲಿರುವುದು ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಅದು ಉಕ್ಕಿನ ತಂತಿಯ ಓಡಾಟವನ್ನು ಹಿಡಿಯುತ್ತದೆ. ಪಿಯೆಜೊ ಹಿಡಿಯುವುದು ಒತ್ತಡವನ್ನು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲೇ ತೋರಿಸಿಕೊಟ್ಟರು. ಈಗ ಹರಳಿನ ಬದಲು ಸೆರಾಮಿಕ್ ಚೂರು, ಬ್ರಿಜ್ಜಿನ ಮೇಲೆ ಒಂದೊಂದು ತಂತಿಯನ್ನು ಹೊರುವ ಸ್ಯಾಡಲ್ಲಿಗೆ ಒಂದೊಂದು. ಈ ಚೂರು ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಪುಟ್ಟ ಕೆಪಾಸಿಟರ್. ಆರೂ ಸೇರಿ 1000 ಪಿಕೋಫ್ಯಾರಡ್ ಎಂದುಕೊಳ್ಳಿ. ಅದನ್ನು ನೇರವಾಗಿ ಗಿಟಾರಿನ 250 ಕಿಲೋ ಓಮ್ ವಾಲ್ಯೂಮಿಗೆ ಕಟ್ಟಿದರೆ ಸುಮಾರು 640 ಹರ್ಟ್ಸಿಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಬರುವ ಸ್ವರ 82 ಹರ್ಟ್ಸ್. ಇನ್ನು ತಳ ಎಲ್ಲಿಂದ ಬರಬೇಕು? ನಡುವೆ 10 ಮೆಗಾ ಓಮಿನ ಪುಟ್ಟ ಪ್ರಿಆಂಪ್ ಇಟ್ಟರೆ ಆ ಗೆರೆ 16 ಹರ್ಟ್ಸಿಗೆ ಇಳಿಯುತ್ತದೆ, ತಂತಿಯಲ್ಲಿದ್ದದ್ದೆಲ್ಲ ಮಿಕ್ಸರಿಗೆ ಹೋಗುತ್ತದೆ.

ಕರ್ಕಶತೆಯ ಇನ್ನೊಂದು ಮೂಲ, ಪಿಯೆಜೊವನ್ನು ಗಿಟಾರಿನ ಆಂಪ್ಲಿಫೈಯರಿಗೇ ಚುಚ್ಚುವ ಅಭ್ಯಾಸ. ಅದರಲ್ಲಿರುವ 12 ಇಂಚಿನ ಸ್ಪೀಕರಿನ ಆಟ 5000 ಹರ್ಟ್ಸಿನ ಆಸುಪಾಸಿಗೆ ಮುಗಿಯುತ್ತದೆ, ಅದಕ್ಕೂ ಮೊದಲೇ ಮೂಗಿನಲ್ಲಿ ಹಾಡತೊಡಗುತ್ತದೆ. ಅಯಸ್ಕಾಂತದ ದನಿ ಆಂಪಿಗೆ, ಪಿಯೆಜೊ ದನಿ ಡಿಐ ಪೆಟ್ಟಿಗೆಯ ಮೂಲಕ ಮಿಕ್ಸರಿಗೆ. ಇದಕ್ಕಾಗಿಯೇ ಸ್ಟೀರಿಯೋ ಜ್ಯಾಕ್ ಇದೆ. ಮಿಕ್ಸರಿನಲ್ಲಿ ಮೂರು ಸಾವಿರದ ಸುತ್ತ ತುಸು ತಗ್ಗಿಸಿದರೆ ಟಕ್ಕೆನ್ನುವುದೂ ಕಡಿಮೆಯಾಗುತ್ತದೆ. ಇಷ್ಟೆಲ್ಲ ಮಾಡಿಯೂ ಅದು ಮೈಕಿನ ಮುಂದೆ ನುಡಿಸಿದ ಒಳ್ಳೆಯ ಮರದ ಗಿಟಾರಿಗೆ ಸಮವಲ್ಲ, ಒಪ್ಪಿದೆ. ಮರದ ಪೆಟ್ಟಿಗೆಯೊಳಗಿನ ಗಾಳಿಯ ಮೊಳಗು ಪಿಯೆಜೊದಲ್ಲಿಲ್ಲ. ಸಮ ಎಂದು ನಾನೆಂದೂ ಹೇಳಿಲ್ಲವಾದ್ದರಿಂದ ಸುಳ್ಳು ದನಿಯೆಂಬ ಆರೋಪ ನನಗೆ ತಗಲುವುದಿಲ್ಲ.

ಇನ್ನು ಟ್ರೆಮೊಲೊ. “ಅಲ್ಲಾಡುವ ಬ್ರಿಜ್ಜಿಗೆ ವೈರು ಕಟ್ಟಿದರೆ ಶ್ರುತಿ ನಿಲ್ಲುವುದಿಲ್ಲ, ವೈರೂ ಉಳಿಯುವುದಿಲ್ಲ” ಎಂದರು ಗಿಟಾರು ಬಲ್ಲ ಮಿತ್ರರು. ಸ್ಟ್ರಾಟೊಕಾಸ್ಟರ್ ಗಿಟಾರು 1954ರಲ್ಲಿ ಬಂದಾಗಿನಿಂದ ಈ ಬ್ರಿಜ್ಜಿನ ತತ್ತ್ವ ತಕ್ಕಡಿಯದು: ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಬೆನ್ನಿನ ಗುಳಿಯಲ್ಲಿರುವ ಸ್ಪ್ರಿಂಗುಗಳ ಎಳೆತ. ಹತ್ತರಿಂದ ನಲವತ್ತಾರರ ದಪ್ಪದ ತಂತಿಗಳ ಸೆಟ್ಟು ಹಾಕಿದರೆ ಆರು ತಂತಿ ಸೇರಿ ಸುಮಾರು 46 ಕಿಲೋ ಎಳೆಯುತ್ತವೆ. ಆ ಲೆಕ್ಕದ ಎದುರು ಕೂದಲಿನಷ್ಟು ತೆಳುವಾದ ಆರು ವೈರುಗಳು ಎಷ್ಟರವು? ಸ್ಯಾಡಲ್ ಬದಲಿಸಿದ ಮೇಲೆ ತಂತಿಯ ಎತ್ತರ, ಉದ್ದ ಎರಡನ್ನೂ ಹೊಸದಾಗಿ ಹೊಂದಿಸಬೇಕು; ಅದನ್ನು ಮಾಡದವರೇ ಶ್ರುತಿ ಕೆಟ್ಟಿತೆಂದು ಪಿಯೆಜೊವನ್ನು ದೂರುವುದು. ವೈರಿನ ಆತಂಕ ಮಾತ್ರ ನ್ಯಾಯವಾದದ್ದು. ಬಿಗಿಯಾಗಿ ಎಳೆದು ಕಟ್ಟಿದರೆ, ಬ್ರಿಜ್ಜನ್ನು ಅಲ್ಲಾಡಿಸುವ ಕೈಪಿಡಿಯನ್ನು ಪೂರ್ತಿ ಒತ್ತಿದಾಗ ಬ್ರಿಜ್ಜು ಮಗುಚಿ ವೈರು ಬೆಸುಗೆಯ ಬುಡದಲ್ಲೇ ತುಂಡಾಗುತ್ತದೆ. ಕೈಪಿಡಿಯನ್ನು ಎರಡೂ ತುದಿಗೆ ಆಡಿಸಿ ನೋಡಿ, ಅಷ್ಟು ಸಡಿಲ ಬಿಟ್ಟು, ಆಮೇಲೆ ಗುಳಿಯ ಗೋಡೆಗೆ ಅಂಟಿಸಬೇಕು. ಸ್ಪ್ರಿಂಗುಗಳ ಝಣಝಣವನ್ನೂ ಪಿಯೆಜೊ ಹಿಡಿಯುತ್ತದೆ. ಈ ಮಾತು ಯಾಕೋ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತಿದ್ದೇನೆ. ಸ್ಪ್ರಿಂಗಿನೊಳಗೆ ಒಂದೊಂದು ಚೂರು ಫೋಮ್ ತುರುಕಿದರೆ ಸಾಕು. ಇದೇನೂ ನನ್ನ ಹುಚ್ಚಿನಿಂದ ಹುಟ್ಟಿದ ಕಲ್ಪನೆಯಲ್ಲ. ಕೆನ್ ಪಾರ್ಕರ್ ಮತ್ತು ಲ್ಯಾರಿ ಫಿಶ್ಮನ್ ಸೇರಿ 1993ರಲ್ಲಿ ತಂದ ಪಾರ್ಕರ್ ಫ್ಲೈ ಗಿಟಾರಿನಲ್ಲಿ ಅಲ್ಲಾಡುವ ಬ್ರಿಜ್ಜೂ ಇತ್ತು, ಪಿಯೆಜೊವೂ ಇತ್ತು.

“ಅಕೌಸ್ಟಿಕ್ ದನಿಗೆ ಕೈಪಿಡಿಯ ಕೆಲಸವೇನು?” ಎಂಬ ಪ್ರಶ್ನೆಯನ್ನು ಯಲ್ಲಾಪುರ, ಶಿರಸಿ ಸೀಮೆಯಲ್ಲಿ ಕೇಳಬಾರದಿತ್ತು. ಹಾಸಣಗಿ ಗಣಪತಿ ಭಟ್ಟರ ಹಿಂದೂಸ್ತಾನಿ ಗಾಯನ ಕೇಳಿ ಬೆಳೆದ ಕಿವಿಗಳಿವು; ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡಿಲ್ಲದ ಸ್ವರ ಇಲ್ಲಿ ಸಪ್ಪೆ. ಫ್ರೆಟ್ಟಿನ ಮೇಲೆ ಒಂದು ತಂತಿಯನ್ನು ಎಳೆದು ಮೀಂಡು ತರಬಹುದು, ಇಡೀ ಕಾರ್ಡನ್ನು ಹಾಗೆ ತೇಲಿಸಲು ಕೈಪಿಡಿಯೇ ಬೇಕು. ಗಿಟಾರ್ ವಾದಕ ಜೆಫ್ ಬೆಕ್ ಅದೇ ಕೈಪಿಡಿ ಹಿಡಿದು ಗಿಟಾರನ್ನು ಹಾಡಿಸಿದ.

ಸಂಪ್ರದಾಯ ಕೆಟ್ಟಿತೆನ್ನುವವರಿಗೆ ಹೆಚ್ಚು ಹೇಳುವುದಿಲ್ಲ. 1940ರಲ್ಲಿ ರೇಡಿಯೋದವರು ಹಾರ್ಮೋನಿಯಂ ನಿಷೇಧಿಸಿ ಸುಮಾರು ಮೂರು ದಶಕ ದೂರವಿಟ್ಟರು. ಇವತ್ತು ನನ್ನನ್ನು ಆಕ್ಷೇಪಿಸುವವರೇ ಅದರ ಪಕ್ಕದಲ್ಲಿ ಕೂತು ಹಾಡುತ್ತಾರೆ. ಶಿವರಾಮ ಕಾರಂತರು ಯಕ್ಷಗಾನದ ಬ್ಯಾಲೆಗೆ ವಯಲಿನ್ನು, ಸ್ಯಾಕ್ಸೊಫೋನು ತಂದವರು. ನಾನು ತಂದದ್ದು ಆರು ಸ್ಯಾಡಲ್.

ಮರ ಕೊರೆದು ವಾದ್ಯ ಹಾಳು ಮಾಡಿದೆನಂತೆ. ಸ್ಪ್ರಿಂಗಿನ ಗುಳಿಯಿಂದ ವಾಲ್ಯೂಮಿನ ಗುಳಿಗೆ ಅರ್ತ್ ವೈರಿಗಾಗಿ ತೂತು ಮೊದಲೇ ಇರುತ್ತದೆ, ಅದನ್ನು ಸ್ವಲ್ಪ ಅಗಲಿಸಿದ್ದಷ್ಟೇ. ಒಂದು ಟೋನ್ ನಾಬಿನ ಜಾಗದಲ್ಲಿ ಪಿಯೆಜೊ ವಾಲ್ಯೂಮ್ ಕೂತಿದೆ. 9 ವೋಲ್ಟಿನ ಬ್ಯಾಟರಿಗೆ ಜಾಗ ಮಾಡಲು ಮಾತ್ರ ಉಳಿ ಹಿಡಿದದ್ದು ಹೌದು. ಹಳೆಯ ಸ್ಯಾಡಲ್ಲುಗಳು ಡಬ್ಬಿಯಲ್ಲಿವೆ, ಬೇಕೆಂದಾಗ ಹಾಕಬಹುದು.

ಖರ್ಚಿನ ಬಗ್ಗೆ ಹೇಳಿದವರ ಮಾತು ಸರಿ. ಸ್ಯಾಡಲ್ಲುಗಳು, ಪ್ರಿಆಂಪ್ ಎರಡೂ ಹೊರದೇಶದಿಂದ ಬರಬೇಕು. ಕಲಿಯುವವರ ಗಿಟಾರಿಗೆ ಇದನ್ನು ಹಾಕಿದರೆ ಗಿಟಾರಿಗಿಂತ ಬ್ರಿಜ್ಜೇ ದುಬಾರಿಯಾದೀತು. ಅವರು ಹಾಕಿಸಬಾರದು. ರಿಪೇರಿ ಮಾಡುವವರು ಯಾರು ಎಂದು ಕೇಳುವವರಿಗೆ: ಒಂದು ಸ್ಯಾಡಲ್ ಸತ್ತರೆ ಉಳಿದ ಐದು ನುಡಿಯುತ್ತವೆ, ಸ್ಕ್ರೂಡ್ರೈವರಿನಲ್ಲಿ ಮೆಲ್ಲಗೆ ತಟ್ಟುತ್ತ ಹೋದರೆ ಸುಮ್ಮನಿರುವುದು ಯಾವುದೆಂದು ತಿಳಿಯುತ್ತದೆ. ನಮ್ಮ ಮಳೆಗಾಲದ ನಿಜವಾದ ಶತ್ರು ಬೇರೆ. 10 ಮೆಗಾ ಓಮಿನ ಸರ್ಕಿಟ್ಟಿನಲ್ಲಿ ತೇವದ ಪಸೆಯೂ ದಾರಿಯಾಗಿಬಿಡುತ್ತದೆ, ದನಿ ಕರಕರ ಎನ್ನುತ್ತದೆ. ಸೋಲ್ಡರ್ ಮಾಡಿದ ಮೇಲೆ ಉಳಿಯುವ ಅಂಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ ವಾರ್ನಿಶ್ ಹಚ್ಚಿದರೆ ಅದೂ ಹತೋಟಿಗೆ ಬರುತ್ತದೆ. ಒಂದು ಲಾಭವೂ ಇದೆ: ಜಾತ್ರೆ ಪೆಂಡಾಲಿನ ಜನರೇಟರ್ ಕರೆಂಟಿನಲ್ಲಿ ಸುರುಳಿಯ ಪಿಕಪ್ ಗುಂಯ್‌ಗುಡುವಾಗ ಪಿಯೆಜೊ ಕಡೆಗೆ ತಿರುಗಿಸಿದರೆ ಆ ಗುಂಯ್ ಇಲ್ಲ. ಹೊದಿಕೆಯ ವೈರು ಹಾಕಿರಬೇಕು, ಅಷ್ಟೆ.

ಉಳಿದದ್ದು ಒಂದೇ ಆಕ್ಷೇಪ: ಭಾವಗೀತೆಗೆ ಕೆಂಪು ಗಿಟಾರು ನೋಡಲು ಚೆಂದವಲ್ಲವಂತೆ. ಇದಕ್ಕೆ ನನ್ನ ಬಳಿ ತಾಂತ್ರಿಕ ಉತ್ತರವಿಲ್ಲ. ನನಗೆ ಕೆಂಪು ಇಷ್ಟ.