ಫೋನು ಬಿಸಿಯಾದರೆ ತಪ್ಪು ನಿಮ್ಮದಂತೆ!

ಹೊಸ ಫೋನು ದೋಸೆ ಕಾವಲಿ ಥರ ಕಾಯ್ತಾ ಇದೆ ಅಂತ ಯಾರ ಹತ್ತಿರವಾದರೂ ಹೇಳಿಕೊಂಡು ನೋಡಿ. "ಚಾರ್ಜಿಗೆ ಹಾಕ್ಕೊಂಡು ವಿಡಿಯೋ ನೋಡ್ತೀರಾ?" ಇದು ಮೊದಲ ಪ್ರಶ್ನೆ. "ಕವರ್ ಹಾಕಿದ್ದೀರಾ?" ಎರಡನೆಯದು. "ಬಿಸಿಲಲ್ಲಿ ಹಿಡ್ಕೊಂಡಿದ್ರಾ?" ಮೂರನೆಯದು. ದುಡ್ಡು ಕೊಟ್ಟವನು ಕಟಕಟೆಯಲ್ಲಿ, ಮಾಡಿ ಮಾರಿದವನು ಪೀಠದ ಮೇಲೆ! ನಾನು ಹೋಗಿದ್ದ ಸರ್ವಿಸ್ ಸೆಂಟರಿನವರಂತೂ ಫೋನನ್ನು ಕೈಯಲ್ಲಿ ಹಿಡಿದೂ ನೋಡದೆ "ಹೊಸದರಲ್ಲಿ ಹಂಗೇ ಸಾರ್, ನಾರ್ಮಲ್" ಅಂದುಬಿಟ್ಟರು.

ಆ ಮಾತಿನಲ್ಲಿ ಅರ್ಧ ಸತ್ಯ ಇದೆ, ಒಪ್ಪೋಣ. ಹೊಸ ಫೋನು ಮೊದಲ ಒಂದೆರಡು ದಿನ ಹಳೆಯ ಫೋಟೊಗಳನ್ನೆಲ್ಲ ಇಳಿಸಿಕೊಳ್ಳುತ್ತದೆ, ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುತ್ತದೆ. ಆಗ ಬಿಸಿಯಾಗುವುದು ಸಹಜ. ಆದರೆ ವಾರ ಕಳೆದ ಮೇಲೂ ಬರೀ ಒಂದು ವಾಟ್ಸಾಪ್ ಕಾಲ್‌ಗೆ ಕೆನ್ನೆ ಸುಡುತ್ತದೆ ಎಂದರೆ ಅದಕ್ಕೆ ನಾರ್ಮಲ್ ಅನ್ನುವ ಹೆಸರು ಯಾಕೆ?

ಬಿಸಿ ಎಲ್ಲಿಂದ ಬರುತ್ತದೆ ಅನ್ನುವುದೇನೂ ದೊಡ್ಡ ರಹಸ್ಯ ಅಲ್ಲ. ಪ್ರೊಸೆಸರ್ ಖರ್ಚು ಮಾಡುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಲ್ಯಾಪ್‌ಟಾಪಿನಲ್ಲಾದರೆ ಅದನ್ನು ಹೊರಗೆ ತಳ್ಳಲು ಸಾಮಾನ್ಯವಾಗಿ ಫ್ಯಾನು ಇರುತ್ತದೆ. ಹೆಚ್ಚಿನ ಫೋನುಗಳಲ್ಲಿ ಅದೂ ಇಲ್ಲ, ಶಾಖ ಮೈಯಿಂದಲೇ ಹೋಗಬೇಕು. ಆ ಮೈಯನ್ನೋ ತೆಳ್ಳಗೆ ಮಾಡಿ, ಬೆನ್ನಿಗೆ ಗಾಜು ಅಂಟಿಸುತ್ತಾರೆ. ಲೋಹದಷ್ಟು ಬೇಗ ಗಾಜು ಶಾಖವನ್ನು ಸಾಗಿಸುವುದಿಲ್ಲ. ಇದರ ಮೇಲೆ 80 ವಾಟ್, 120 ವಾಟ್ ಚಾರ್ಜಿಂಗ್ ಬೇರೆ. ಇಷ್ಟನ್ನೂ ತೀರ್ಮಾನ ಮಾಡಿದವರು ಅವರು. ನಾವು ತೀರ್ಮಾನಿಸಿದ್ದು ಇನ್ನೂರು ರೂಪಾಯಿಯ ಕವರ್ ಒಂದನ್ನೇ. ಬೆನ್ನು ಗಾಜಿನದು, ಬಿದ್ದರೆ ಒಡೆಯುತ್ತದೆ ಅಂತಲೇ ಅದನ್ನೂ ಹಾಕಿದ್ದು ಸ್ವಾಮಿ!

ಇನ್ನು ಬಿಸಿಲಿನ ಮಾತು. ಐಫೋನನ್ನು 0ಯಿಂದ 35 ಡಿಗ್ರಿ ಹವೆಯಲ್ಲಿ ಬಳಸಿ ಅಂತ ಆಪಲ್ ತಾನೇ ಬರೆದುಕೊಂಡಿದೆ. ಮೂವತ್ತೈದು! ರಾಯಚೂರು, ಕಲಬುರಗಿಯವರು ನಗಬೇಕೋ ಅಳಬೇಕೋ? ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಜಾಹೀರಾತು ಇಲ್ಲೂ ಬರುತ್ತದೆ, ಇಎಂಐ ಇಲ್ಲೂ ಕೊಡುತ್ತಾರೆ, ಹವಾಮಾನದ ಷರತ್ತು ಮಾತ್ರ ಸಣ್ಣ ಅಕ್ಷರದಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ.

"ಬಿಸಿಲಲ್ಲಿ ಬಳಸಬೇಡಿ" ಅನ್ನುವ ಬುದ್ಧಿವಾದ ಏಸಿ ರೂಮಿನಲ್ಲಿ ಕೂತವರಿಗೆ ಸರಿ. ಊಟ ತಂದುಕೊಡುವ ಹುಡುಗನ ಫೋನು ಮಧ್ಯಾಹ್ನ ಒಂದು ಗಂಟೆಗೆ ಬೈಕಿನ ಹ್ಯಾಂಡಲ್ ಮೇಲೆ ಇರುತ್ತದೆ. ಬಿಸಿಲಿಗೆ ಕಾಣಲಿ ಅಂತ ಪೂರ್ತಿ ಬ್ರೈಟ್‌ನೆಸ್, ಮ್ಯಾಪು ಆನ್, ಡೇಟಾ ಆನ್, ಜತೆಗೆ ಪವರ್ ಬ್ಯಾಂಕ್. ಫೋನು ಕಾದು ಮಂಕಾದರೆ, ನಿಂತೇಹೋದರೆ ಅವನ ಆರ್ಡರ್ ಹೋಯಿತು. ಬೆಳೆ ಸಮೀಕ್ಷೆ ಆ್ಯಪಿಗೆ ಫೋಟೊ ಹಾಕುವ ರೈತ ಹೊಲದಲ್ಲೇ ನಿಲ್ಲಬೇಕು ತಾನೆ, ಜಗಲಿಯಲ್ಲಿ ಕೂತು ತೆಗೆಯೋಕಾಗುತ್ತಾ? ಇವರಿಗೆ ಫೋನು ಶೋಕಿ ಅಲ್ಲ, ನೇಗಿಲಿದ್ದ ಹಾಗೆ. ಬಿಸಿಲಲ್ಲಿ ಉಳಬೇಡಿ ಅಂತ ನೇಗಿಲು ಮಾರುವವನು ಹೇಳಿದರೆ ಕೇಳ್ತೀವಾ?

ಬಳಕೆದಾರನದೇ ತಪ್ಪು ಅನ್ನುವವರು ಸ್ವಲ್ಪ ಇತಿಹಾಸ ನೋಡಲಿ. 2016ರ ಆಗಸ್ಟಿನಲ್ಲಿ ಬಂದ ಸ್ಯಾಮ್ಸಂಗ್ ಗ್ಯಾಲಕ್ಸಿ ನೋಟ್ 7ಗೆ ಬೆಂಕಿ ಹತ್ತಿಕೊಂಡಿತು, ಬದಲಿಗೆ ಕೊಟ್ಟವಕ್ಕೂ ಹತ್ತಿಕೊಂಡಿತು. ಅಕ್ಟೋಬರಿನಲ್ಲಿ ಆ ಮಾಡೆಲ್ಲನ್ನೇ ನಿಲ್ಲಿಸಿದರು. ದೋಷ ಬ್ಯಾಟರಿಯದು ಅಂತ 2017ರ ಜನವರಿಯಲ್ಲಿ ಕಂಪನಿಯೇ ಹೇಳಿತು. 2023ರಲ್ಲಿ ಐಫೋನ್ 15 ಪ್ರೊ ಬಿಸಿಯಾದಾಗ ಐಓಎಸ್ 17ರಲ್ಲಿ ಒಂದು ಬಗ್ ಇದೆ, ಕೆಲವು ಆ್ಯಪ್‌ಗಳದ್ದೂ ತೊಂದರೆ ಇದೆ ಅಂತ ಆಪಲ್ ಒಪ್ಪಿಕೊಂಡು 17.0.3 ಅಪ್‌ಡೇಟ್ ಕೊಟ್ಟಿತು. ಅಂದರೆ ಜನ ಸುಮ್ಮನೆ ಗೊಣಗಿರಲಿಲ್ಲ. ಗೊಣಗಿದ್ದಕ್ಕೇ ಸರಿಯಾಯಿತು.

2022ರದ್ದು ಇನ್ನೂ ಮಜವಾಗಿದೆ. ಸ್ಯಾಮ್ಸಂಗಿನ ಗ್ಯಾಲಕ್ಸಿ ಫೋನುಗಳಲ್ಲಿ ಗೇಮ್ ಮುಂತಾದ ಆ್ಯಪ್‌ಗಳ ವೇಗವನ್ನು ಸದ್ದಿಲ್ಲದೆ ತಗ್ಗಿಸುವ ಒಂದು ತಂತ್ರಾಂಶ ಇತ್ತು. ವೇಗ ಅಳೆಯುವ ಬೆಂಚ್‌ಮಾರ್ಕ್ ಆ್ಯಪ್‌ಗಳನ್ನು ಮಾತ್ರ ಅದು ಮುಟ್ಟುತ್ತಿರಲಿಲ್ಲ! ಗೀಕ್‌ಬೆಂಚ್‌ನವರು ಎಸ್10ರಿಂದ ಎಸ್22ರ ತನಕದ ಮುಖ್ಯ ಮಾಡೆಲ್‌ಗಳನ್ನು ತಮ್ಮ ಪಟ್ಟಿಯಿಂದಲೇ ತೆಗೆದುಹಾಕಿದರು. ಆಮೇಲೆ ಬಂತು ನೋಡಿ, ಬೇಕೋ ಬೇಡವೋ ಗ್ರಾಹಕನೇ ಆರಿಸಿಕೊಳ್ಳುವ ಅಪ್‌ಡೇಟ್.

ನನ್ನ ಜಗಳ ಇರುವುದೇ ಇಲ್ಲಿ. ಫೋನು ಬಿಸಿಯಾಗುವುದು ಭೌತಶಾಸ್ತ್ರ, ಅದರ ಮೇಲೆ ಕೋಪ ಇಲ್ಲ. ಆದರೆ ಡಬ್ಬದ ಮೇಲೆ ಬರೆಯುವುದು ಮೊದಲ ಎರಡು ನಿಮಿಷದ ವೇಗ, ಕೈಗೆ ಸಿಗುವುದು ಕಾದ ಮೇಲಿನ ವೇಗ. ಲೀಟರ್ ಅಂತ ಹೇಳಿ ಮುಕ್ಕಾಲು ಲೀಟರ್ ಹಾಲು ಅಳೆದರೆ ಸುಮ್ಮನಿರ್ತೀವಾ? ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ಫೋನುಗಳಿಗೂ ಲೇಬಲ್ ಕಡ್ಡಾಯ: ಬ್ಯಾಟರಿ ಎಷ್ಟು ಬಾಳುತ್ತದೆ, ಬಿದ್ದರೆ ತಡೆಯುತ್ತದಾ, ರಿಪೇರಿ ಎಷ್ಟು ಸುಲಭ ಅಂತ. ನಮ್ಮಲ್ಲಿ ಫ್ರಿಜ್ಜಿಗೆ ಸ್ಟಾರ್ ಲೇಬಲ್ ಇದೆ. ಹಾಗೇ ಫೋನಿನ ಡಬ್ಬದ ಮೇಲೆ ಎರಡು ಸಾಲು ಬರೆಯಲಿ: 40 ಡಿಗ್ರಿ ಹವೆಯಲ್ಲಿ ಅರ್ಧ ಗಂಟೆ ನಡೆಸಿದ ಮೇಲೆ ವೇಗ ಎಷ್ಟು, ಮೈ ಎಷ್ಟು ಬಿಸಿ. ಅಷ್ಟೇ ಸಾಕು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ನೀರು ಕಟ್ಟಿ ಕೆಡುತ್ತದೆ. ಪರದೆಯ ಮೇಲೆ ಬಿಸಿಯ ಎಚ್ಚರಿಕೆ ಬಂದರೆ ಇನ್ನೊಂದು ಫೋನಿನಲ್ಲಿ ಅದರ ಫೋಟೊ ತೆಗೆದಿಡಿ. ಬದಲಿ ಕೊಡುವ ದಿನ ಮುಗಿಯುವುದರೊಳಗೆ ದೂರು ಕೊಡಿ, ಬಾಯಲ್ಲಿ ಅಲ್ಲ, ಈಮೇಲಿನಲ್ಲಿ. ಸರ್ವಿಸ್ ಸೆಂಟರಿನಲ್ಲಿ ಜಾಬ್ ಶೀಟ್ ಕೊಡದೆ ಕಳಿಸಿದರೆ ಕದಲಬೇಡಿ. ಆಮೇಲೂ "ನಾರ್ಮಲ್" ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಬ್ಲಾಗಿಗ ಗೆಳೆಯರೇ, "ಅಯ್ಯೋ, ಎಲ್ಲ ಫೋನೂ ಹಂಗೇ ಕಣ್ರೀ" ಅಂತ ದಯವಿಟ್ಟು ಹೇಳಬೇಡಿ. ಎಲ್ಲವೂ ಹಂಗೇ ಇದ್ದರೆ ಎಲ್ಲರ ಮೇಲೂ ದೂರು ಕೊಡೋಣ. ನಿಮ್ಮದು ಯಾವ ಮಾಡೆಲ್, ಏನು ಮಾಡುವಾಗ ಕಾಯುತ್ತದೆ, ಕೇಳಿದ್ದಕ್ಕೆ ಏನಂದರು ಅಂತ ಬರೆದು ಹಾಕಿ. ಮುಂದೆ ಕೊಳ್ಳುವವರಿಗಾದರೂ ಕೈ ಸುಡದಿರಲಿ.