ಪಾಪ ಬ್ಲೇರ್ ಒಬ್ಬರದ್ದೇನಾ?

ಇರಾಕ್ ಯುದ್ಧದ ಮಾತು ಬಂದರೆ ಸಾಕು, ಬ್ರಿಟನ್ನಿನ ಲೇಬರ್ ಪಕ್ಷದ ಅಭಿಮಾನಿಗಳು ‘ಅದೆಲ್ಲ ಟೋನಿ ಬ್ಲೇರ್ ಮಾಡಿದ್ದು’ ಅಂತ ಕೈ ತೊಳೆದುಕೊಳ್ತಾರೆ. ನಾನಿದನ್ನು ಒಪ್ಪಲ್ಲ.

2003ರ ಮಾರ್ಚ್ 18ರಂದು ಸಂಸತ್ತಿನಲ್ಲಿ ಯುದ್ಧದ ಪರ ಬಿದ್ದದ್ದು 412 ಮತ. ಕನ್ಸರ್ವೇಟಿವ್ ಪಕ್ಷದ ಬೆಂಬಲ ಇತ್ತು, ನಿಜ. ಆದರೆ ಲೇಬರ್ ಸದಸ್ಯರಲ್ಲೂ ಹೆಚ್ಚಿನವರು ಹೂಂ ಅಂದಿದ್ದರು. ಬೇಡ ಅನ್ನೋ ದಾರಿ ಮುಚ್ಚಿರಲಿಲ್ಲ: ಯುದ್ಧಕ್ಕೆ ಕಾರಣ ಸಾಲದು ಅನ್ನೋ ತಿದ್ದುಪಡಿಗೆ 139 ಲೇಬರ್ ಸದಸ್ಯರೇ ಮತ ಹಾಕಿದರು, ರಾಬಿನ್ ಕುಕ್ ಹಿಂದಿನ ದಿನವೇ ಮಂತ್ರಿಗಿರಿ ಬಿಟ್ಟರು.

2005ರಲ್ಲಿ ಅದೇ ಬ್ಲೇರ್ ಅವರನ್ನು ಮುಂದಿಟ್ಟುಕೊಂಡು ಪಕ್ಷ ಮತ್ತೆ ಗೆದ್ದಿತು. ಗೆಲುವು ಎಲ್ಲರದ್ದು, ಹೆಣಗಳ ಲೆಕ್ಕ ಮಾತ್ರ ಒಬ್ಬರದ್ದಾ? ಬುಷ್ ಅವರನ್ನು ಸಾಮ್ರಾಜ್ಯಶಾಹಿ ಅಂತ ಬೈಯೋ ಮೊದಲು ಲೇಬರ್ ತನ್ನ ಮತದ ಲೆಕ್ಕ ಒಪ್ಪಿಸಲಿ.